ಶರಣಪ್ಪನ ಠೇಕಾ ಮತ್ತು ಒಂದು ವೈರು

ನಮ್ಮ ಮನೆಯಲ್ಲಿ ವೈರುಗಳ ಒಂದು ಚೀಲವಿದೆ. ಸತ್ತುಹೋದ ಮೊಬೈಲುಗಳ ಚಾರ್ಜರುಗಳು, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನುಗಳು, ಯಾವ ಯಂತ್ರದ್ದೆಂದು ನೆನಪೇ ಇಲ್ಲದ ಕರಿ ಬಾಲಗಳು ಎಲ್ಲ ಅದರೊಳಗೆ ಹೆಣೆದುಕೊಂಡು ಮಲಗಿವೆ. ಮುಂದೆ ಎಂದಾದರೂ ಬೇಕಾದೀತು ಎಂದು ಬಿಸಾಡಲು ಮನಸ್ಸು ಬರುವುದಿಲ್ಲ. ಬೇಕಾದ ದಿನ ಬಂದಾಗ ಅದರಲ್ಲಿ ಒಂದೂ ಹೊಂದುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥ ಚೀಲವಿದ್ದರೆ ನಾವಿಬ್ಬರೂ ಒಂದೇ ಬಳಗದವರು.

ಈಚೆಗೆ ಆ ಚೀಲವನ್ನು ಹಾಸಿಗೆಯ ಮೇಲೆ ಸುರುವಿಕೊಂಡು ಕೂತಿದ್ದೆ. ನನ್ನ ಟ್ಯಾಬ್ಲೆಟ್ಟನ್ನು ಒಂದು ಸ್ಯಾಂಪ್ಲರಿಗೆ ಜೋಡಿಸಬೇಕಿತ್ತು. ಸ್ಯಾಂಪ್ಲರ್ ಎಂದರೆ ಊಟದ ತಟ್ಟೆಯಷ್ಟಗಲದ ಪೆಟ್ಟಿಗೆ, ಮೈಮೇಲೆಲ್ಲ ರಬ್ಬರಿನ ಚೌಕಗಳು. ಒಂದು ಸದ್ದನ್ನು ಅದಕ್ಕೆ ಒಮ್ಮೆ ಕೇಳಿಸಿದರೆ ನುಂಗಿ ಇಟ್ಟುಕೊಳ್ಳುತ್ತದೆ. ಆಮೇಲೆ ಚೌಕ ಒತ್ತಿದರೆ ಅದನ್ನೇ ಸಾಕು ಎನ್ನುವ ತನಕ ನುಡಿಸುತ್ತದೆ. ಅದಕ್ಕೆ ಕಂಪ್ಯೂಟರಿನ ಹಂಗಿಲ್ಲ. ಗಂಗಾವತಿಯಲ್ಲಿ ಮದುವೆಗಳಿಗೆ ವಾದ್ಯಗೋಷ್ಠಿ ನಡೆಸುವ ಮಹಾಂತೇಶ ನನ್ನ ಹಳೆಯ ವಿದ್ಯಾರ್ಥಿ. ಕೇಳಿದ್ದಕ್ಕೆ ಪೆಟ್ಟಿಗೆಯನ್ನು ಹೊತ್ತುಕೊಂಡು ತಾನೇ ಬಂದಿದ್ದ.

ನಿವೃತ್ತನಾದ ಮಾಸ್ತರನಿಗೆ ಈ ಹುಚ್ಚೇಕೆ ಎಂದು ನೀವು ಕೇಳಬಹುದು. ಶರಣಪ್ಪನಿಗಾಗಿ. ಕುಷ್ಟಗಿಯ ನಮ್ಮ ಭಜನಾ ಮೇಳದಲ್ಲಿ ನಾನು ಹಾಡುವವನು, ಬಸ್ ಕಂಡಕ್ಟರನಾಗಿದ್ದ ಶರಣಪ್ಪ ತಬಲಾ ಬಾರಿಸುವವನು. ನಮ್ಮ ಕಡೆ ಸಾವಾದ ಮನೆಯಲ್ಲಿ ಮಣ್ಣಿಗೆ ಒಯ್ಯುವ ತನಕ ಭಜನೆ ನಿಲ್ಲಿಸುವುದಿಲ್ಲ. ದಿನವೆಲ್ಲ ಬಸ್ಸಿನಲ್ಲಿ ನಿಂತು ಬಂದವನು, ಸುದ್ದಿ ತಿಳಿದರೆ ತಬಲಾ ಬಗಲಿಗೆ ಹಾಕಿಕೊಂಡು ಹೊರಡುತ್ತಿದ್ದ. ಯಾರ ಮನೆ, ಯಾವ ಓಣಿ ಎಂದು ಕೇಳುತ್ತಿರಲಿಲ್ಲ. ಚಹಾ ಮಾತ್ರ ಕೇಳುತ್ತಿದ್ದ.

ಹೋದ ವರ್ಷ ಎದೆ ಹಿಡಿದುಕೊಂಡು ಕೂತ ಶರಣಪ್ಪ ಮತ್ತೆ ಏಳಲಿಲ್ಲ. ಅವನ ಹೆಣದ ಮುಂದೆ ನಾವು ಬರೀ ಕೈತಾಳದ ಮೇಲೆ ಹಾಡಿದೆವು. ಬೇರೆ ತಬಲಾದವರು ಅಂದು ಯಾರೂ ಸಿಗಲಿಲ್ಲ. ಅವನ ತಬಲಾ ಮೂಲೆಯಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅವನ ಹೆಂಡತಿ ನೀಲವ್ವ ಅಳುತ್ತಲೇ ನನ್ನ ಕಡೆ ತಿರುಗಿ ಅಂದಳು: “ಊರಾಗಿನ ಎಲ್ಲಾರ್ನೂ ಬಾರಿಸಿ ಕಳಿಸಿದ್ರಲ್ಲರಿ ಮಾಸ್ತರ. ಇವತ್ತ ಅವರಿಗೇ ಬಾರ್ಸೋರು ಇಲ್ಲದಂಗ ಆತು.”

ಆ ಮಾತು ಮುರಿದ ಮುಳ್ಳಿನ ಹಾಗೆ ನನ್ನೊಳಗೇ ಉಳಿಯಿತು. ವರ್ಷದ ಪುಣ್ಯತಿಥಿಗೆ ಬೇರೆಯವರನ್ನು ಕರೆಸಬಹುದಿತ್ತು. ಆದರೆ ಅವನಿಗೆ ಅವನೇ ಬಾರಿಸಿದರೆ ಹೇಗೆ ಎಂದು ನನಗೆ ಹೊಳೆಯಿತು. ಏಕೆಂದರೆ ನನ್ನ ಟ್ಯಾಬ್ಲೆಟ್ಟಿನಲ್ಲಿ ಶರಣಪ್ಪನಿದ್ದ. ನನ್ನ ಹಾಡನ್ನು ನಾನೇ ಕೇಳಿ ಸಂತೋಷಪಡಲೆಂದು ತಾಲೀಮನ್ನು ಅದರಲ್ಲಿ ಹಿಡಿದಿಟ್ಟಿದ್ದೆ. ಟ್ಯಾಬ್ಲೆಟ್ಟನ್ನು ಆನಿಸಿ ನಿಲ್ಲಿಸಲು ಜಾಗ ಸಿಕ್ಕಿದ್ದು ಅವನು ಎಡಗೈಯಲ್ಲಿ ಬಾರಿಸುವ ಡಗ್ಗಾದ ಪಕ್ಕ. ಹೀಗಾಗಿ ನನ್ನ ದನಿ ಪಕ್ಕದ ಓಣಿಯಿಂದ ಬಂದಂತಿದೆ. ನಾನು ಬಾಯಿ ತೆರೆಯುವ ಮೊದಲು ಅವನೊಬ್ಬನೇ ಬಾರಿಸಿದ ಭಜನೆಯ ಠೇಕಾ, ಅಂದರೆ ಹಾಡಿನುದ್ದಕ್ಕೂ ಸುತ್ತಿ ಸುತ್ತಿ ಬರುವ ತಬಲಾದ ನಡೆ, ಮಾತ್ರ ಎದುರಿಗೇ ಕೂತು ಬಾರಿಸಿದಷ್ಟು ಸ್ವಚ್ಛವಾಗಿದೆ. ಅಷ್ಟನ್ನು ಸ್ಯಾಂಪ್ಲರಿಗೆ ದಾಟಿಸಿದರೆ ಸಾಕಿತ್ತು.

ದಾಟಿಸುವುದೇ ಕಷ್ಟ. ಎರಡು ಯಂತ್ರಗಳನ್ನು ಕೂಡಿಸುವುದೆಂದರೆ ಎರಡು ಮನೆತನಗಳ ನಡುವೆ ಸಂಬಂಧ ಬೆಳೆಸಿದಂತೆ. ಇಬ್ಬರೂ ದೊಡ್ಡವರೇ, ಯಾರೂ ಮೊದಲು ಮಾತಾಡುವುದಿಲ್ಲ. ನಡುವೆ ಒಬ್ಬ ಹಿರಿಯ ಬೇಕು. ಚೀಲದಲ್ಲಿ ಸಿಕ್ಕ ವೈರನ್ನು ನಾನು ಹಿರಿಯನೆಂದು ನಂಬಿ ಸಿಕ್ಕಿಸಿದೆ. ಟ್ಯಾಬ್ಲೆಟ್ಟು ಸಂತೋಷದಿಂದ ಚಾರ್ಜ್ ಆಗತೊಡಗಿತು. ಬೀಗರ ಮನೆಗೆ ಬಂದು ಉಂಡು, ಮಾತುಕತೆ ಆಡದೆ ಎದ್ದುಹೋಗುವವರಿರುತ್ತಾರಲ್ಲ, ಆ ಜಾತಿ.

“ಸರ, ಇದು ಬರೇ ಚಾರ್ಜಿಂಗ್ ವೈರ್ ಐತ್ರಿ. ಕರೆಂಟ್ ಅಷ್ಟ ದಾಟತೈತಿ, ಬ್ಯಾರೆ ಏನೂ ದಾಟಂಗಿಲ್ಲ,” ಎಂದ ಮಹಾಂತೇಶ. ಟ್ಯಾಬ್ಲೆಟ್ಟಿಗೆ ಇಯರ್‌ಫೋನಿನ ತೂತೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಿಂದ ಬೆರಳುದ್ದದ ಒಂದು ಕನ್ವರ್ಟರ್ ತಂದೆವು. ಅದರ ತುದಿಗೆ ಇನ್ನೊಂದು ವೈರು ಸಿಕ್ಕಿಸಿ, ಸ್ಯಾಂಪ್ಲರಿನ ಹಿಂಬದಿಯ ತೂತಿಗೆ ಚುಚ್ಚಿದೆವು. ಆದರೂ ಸದ್ದಿಲ್ಲ. ಮಹಾಂತೇಶ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿದ.

“ಸರ, ಇದರ ತೂತಿನಾಗ ವಿಭೂತಿ ಐತಲ್ರಿ!”

ಇತ್ತು. ಮಹಾಂತೇಶ ಕೈಕಾಲು ತೊಳೆಯಲು ಹೋದಾಗ ನಾನೇ ಹಚ್ಚಿದ್ದು. ಹೊಸ ವಸ್ತು ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಅದಕ್ಕೆ ಹಣೆ ಯಾವ ಕಡೆ ಎಂದು ತಿಳಿಯದೆ, ತೂತುಗಳು ಸಾಲಾಗಿದ್ದ ಬದಿಯೇ ಮುಖವಿರಬೇಕೆಂದು, ಹಸಿ ವಿಭೂತಿಯನ್ನು ಮೂರು ಬೆರಳಿನಿಂದ ಭಕ್ತಿಯಿಂದಲೇ ಎಳೆದಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಮಹಾಂತೇಶ ಅದು ಬರೀ ಧೂಳೇನೋ ಎಂಬಂತೆ ಹಲ್ಲುಕಡ್ಡಿಯಿಂದ ಕೆರೆದು ತೆಗೆದ. ಮಾಸ್ತರರ ಮರ್ಯಾದೆ ಉಳಿಸುವ ವಿದ್ಯಾರ್ಥಿಗಳು ಈಗಲೂ ಇದ್ದಾರೆ.

ಆಮೇಲೆ ಅವನು ಠೇಕಾವನ್ನು ಪೆಟ್ಟಿಗೆಗೆ ದಾಟಿಸಿ ಚೌಕ ಒತ್ತಿದ. ಧಾ ಎಂದು ಶರಣಪ್ಪನ ಕೈ ಬಿದ್ದಿತು. ಅದೇ ಕೈ, ಬಸ್ಸಿನ ಕಂಬಿಯ ಮೇಲೂ ಸುಮ್ಮನಿರದ ಕೈ. ನಾನು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದೆ.

ಪುಣ್ಯತಿಥಿಯ ದಿನ ಬೆಳಿಗ್ಗೆ ಶರಣಪ್ಪನ ಮನೆಯಲ್ಲಿ ಅವನ ಫೋಟೋದ ಮುಂದೆ ಕೂತೆವು. ಠೇಕಾ ಶುರುವಾದಾಗ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹಾಡು ಎತ್ತಿದೆ. ಎರಡು ನುಡಿ ಚೆನ್ನಾಗಿಯೇ ಹೋಯಿತು. ಮೂರನೆಯದಕ್ಕೆ ನಾನು ಹಿಂದೆ ಬಿದ್ದೆ. ಓಡಿ ಹಿಡಿಯಲು ನೋಡಿದರೆ ಮುಂದೆ ಹೋದೆ. ನಿಲ್ಲಿಸಿ ಮೊದಲಿನಿಂದ ಎತ್ತಿದರೆ ಅಲ್ಲೇ ಮತ್ತೆ ಎಡವಿದೆ. ಮಾಸ್ತರು ತಾಳಕ್ಕೆ ಗಟ್ಟಿ ಎಂದು ದೂರದ ಹುಲಿಗಿಯ ತನಕ ನನಗೆ ಹೆಸರಿತ್ತು. ಸ್ಪೀಡು ಹೆಚ್ಚಾಯಿತೇನೋ ಎಂದು ಮಹಾಂತೇಶನ ಮುಖ ನೋಡಿದೆ. “ಇಲ್ರಿ ಸರ, ಅದು ಇದ್ದಂಗ ಐತಿ,” ಎಂದು ಅವನು ಮೆಲ್ಲಗೆ ಅಂದು ತಲೆ ತಗ್ಗಿಸಿದ.

“ಬಂದ್ ಮಾಡಪಾ ಅದನ್ನ,” ಎಂದಳು ನೀಲವ್ವ.

ಸದ್ದು ನಿಂತಿತು. ಆಕೆ ನನಗೆ ಹೇಳಿದಳು: “ಕೈ ಅವರದ ಐತ್ರಿ. ಆದ್ರ ಹಿಂಗ ಬಾರಸ್ತಿರಲಿಲ್ಲ ಅವರು. ಮೂರನೇ ನುಡಿಗೆ ಮಾಸ್ತರಿಗೆ ಉಸುರು ಸಾಲಂಗಿಲ್ಲ, ಅಲ್ಲೆ ಒಂದೀಟ ತಡದು ಹಿಡೀಬೇಕು ಅಂತ ಮನ್ಯಾಗ ಅನ್ನೋರು. ನಿಮಗ ಹೇಳಬ್ಯಾಡ ಅಂದಿದ್ರು.”

ಇಷ್ಟು ವರ್ಷ ನನ್ನ ಉಸಿರಿಗಾಗಿ ಅವನು ಕಾಯುತ್ತಿದ್ದ, ನನಗೆ ಗೊತ್ತೇ ಆಗದ ಹಾಗೆ. ಆ ಠೇಕಾ ನಾನು ಹಾಡು ಶುರು ಮಾಡುವ ಮೊದಲಿನದು. ಅದರಲ್ಲಿ ಕಾಯಬೇಕಾದವರು ಯಾರೂ ಇರಲಿಲ್ಲ. ಅವನು ಸತ್ತ ದಿನ ಅಳಲಾಗದೆ ಉಳಿದದ್ದನ್ನು ಈಗ ಎಲ್ಲರೆದುರಿಗೆ ಅತ್ತೆ. ಅವನು ನಿಜವಾಗಿ ಇಲ್ಲ ಎಂಬುದು ಅವನ ತಬಲಾ ಕೇಳುತ್ತಿರುವಾಗಲೇ ನನಗೆ ತಿಳಿಯಿತು.

ನೀಲವ್ವ ಕೈತಾಳ ಎತ್ತಿಕೊಂಡು ಫೋಟೋದ ಹತ್ತಿರ ಸರಿದು ಕೂತಳು. ಆಕೆ ಮೇಳದಲ್ಲಿ ಎಂದೂ ಬಾರಿಸಿದವಳಲ್ಲ. “ಹಾಡ್ರಿ ಮಾಸ್ತರ,” ಎಂದಳು. ಹಾಡಿದೆ. ಆಕೆಯ ಪೆಟ್ಟು ಒಮ್ಮೆ ಜೋರು, ಅಳು ಬಂದಾಗ ಮೆಲ್ಲಗೆ. ಯಾವ ಶಾಸ್ತ್ರಕ್ಕೂ ಕೂಡುವಂಥದ್ದಲ್ಲ. ಮೂರನೆಯ ನುಡಿಗೆ ನನ್ನ ಉಸಿರು ಕಟ್ಟಿತು. ನೀಲವ್ವನ ಎರಡೂ ಕೈ ಗಾಳಿಯಲ್ಲೇ ನಿಂತವು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಉಸಿರು ತೆಗೆದುಕೊಂಡೆ. ಮುಂದಿನ ತಾಳಕ್ಕೆ ಇಬ್ಬರೂ ಬಂದೆವು, ತಡವಾಗಿ, ಆದರೆ ಕೂಡಿ.