ಅರ್ನೆಟಾ ಬ್ಯಾಸ್ಕಿನ್ ಬ್ಯಾಗು ಕೊಂಡ ಶನಿವಾರ

ಅಮೆರಿಕದ ಪಶ್ಚಿಮ ಬಾಲ್ಟಿಮೋರಿನಲ್ಲಿ ಅರ್ನೆಟಾ ಬ್ಯಾಸ್ಕಿನ್ ಕೈಗೆ ತಲೆ ಕೊಡದ ಹೆಂಗಸರು ಕಡಿಮೆ. ಮದುವೆಗಿರಲಿ, ಮಣ್ಣಿಗಿರಲಿ, ಈಸ್ಟರ್ ಹಬ್ಬಕ್ಕಿರಲಿ, ಅವಳ ಪಾರ್ಲರಿನಲ್ಲಿ ಕೂದಲು ಓರಣ ಮಾಡಿಸಿಕೊಂಡೇ ಹೊರಡಬೇಕು. ವಯಸ್ಸು ಎಪ್ಪತ್ತರ ಹತ್ತಿರ ಬಂದಿತ್ತು. ದಿನವಿಡೀ ನಿಂತೇ ಕೆಲಸ ಮಾಡುತ್ತಿದ್ದಳು; ನಾಲಿಗೆಗೂ ಬಿಡುವಿರಲಿಲ್ಲ.

ಆ ಪಾರ್ಲರಿನ ಹಿಂದಿನ ಕೋಣೆಯಲ್ಲೇ ಕೀಝಿಯಾ ಟಾಲಿವರ್ ತನ್ನ ಮೊದಲ ಚರ್ಮದ ಬ್ಯಾಗುಗಳನ್ನು ಹೊಲಿದದ್ದು. ಹುಡುಗಿಗೆ ಬೇರೆ ಜಾಗವಿರಲಿಲ್ಲ. ಅರ್ನೆಟಾ ಶಾಂಪೂ ಡಬ್ಬಿಗಳನ್ನು ಮೂಲೆಗೆ ತಳ್ಳಿ, ಮೇಜು ಹಾಕಿಕೊಟ್ಟಳು. ಕೂದಲು ಒಣಗಿಸಿಕೊಳ್ಳುತ್ತ ಕೂತವರೇ ಮೊದಲ ಗಿರಾಕಿಗಳಾದರು. "ನಮ್ಮ ಕಪ್ಪು ಹುಡುಗಿ ಹೊಲಿದದ್ದು" ಎಂದು ಚರ್ಚಿನಲ್ಲಿ ಎದುರು ಸಾಲಿಗೂ ಕೇಳುವಂತೆ ಹೇಳಿಕೊಂಡು ಬಂದರು.

ಒಂದು ದಿನ ಅಂಥ ಬ್ಯಾಗೊಂದು ಹೆಸರುವಾಸಿ ಹಾಡುಗಾರ್ತಿಯೊಬ್ಬಳ ಹೆಗಲೇರಿತು. ಅಲ್ಲಿಂದ ಕೀಝಿಯಾಳ ದೆಸೆ ತಿರುಗಿತು, ತಲೆನೋವೂ ಶುರುವಾಯಿತು. ಅವಳ ಹತ್ತಿರ ಇದ್ದದ್ದು ಬೆರಳೆಣಿಕೆಯ ಹೊಲಿಗೆಯವರು, ಎಲ್ಲರೂ ಅದೇ ಬೀದಿಯವರು. ಹೊಲಿದಷ್ಟನ್ನು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಕೊಂಡವರು ಮರುಮಾರಾಟದವರು. ಸಂಜೆಗೆಲ್ಲ ಅದೇ ಬ್ಯಾಗು ಮೂರುಪಟ್ಟು ಬೆಲೆಗೆ ಇನ್ನೆಲ್ಲೋ ಕಾಣಿಸಿಕೊಳ್ಳುತ್ತಿತ್ತು.

ಚರ್ಚಿನ ಹಾಡಿನ ತಂಡದ ವಿಲ್ಹೆಲ್ಮಿನಾ ಒಂದು ದಿನ ಕುರ್ಚಿಯಲ್ಲಿ ಕೂತೇ ಸಿಡುಕಿದಳು. "ದೊಡ್ಡೋಳಾದ್ಲು ನಿನ್ನ ಕೀಝಿಯಾ. ನಮ್ಮಂಥೋರು ಈಗ ಅವಳ ಕಣ್ಣಿಗೆ ಬೀಳ್ತೀವಾ?"

"ತಲೆ ಅಲ್ಲಾಡಿಸ್ಬೇಡ್ವೇ, ಕಿವಿ ಸುಟ್ಟೀತು," ಎಂದಳು ಕೂದಲು ನೇರ ಮಾಡುವ ಕಾದ ಬಾಚಣಿಗೆ ಹಿಡಿದಿದ್ದ ಅರ್ನೆಟಾ. ಮಾತು ಮಾತ್ರ ಅವಳಿಗೂ ನಾಟಿತು. ಹಾಡುಗಾರ್ತಿಯ ಗಲಾಟೆಗೂ ಮುಂಚೆ ಕೀಝಿಯಾ ಒಂದು ಬ್ಯಾಗು ಕೊಡಲು ಬಂದಾಗ, "ಬಿಟ್ಟಿ ಬೇಡ, ಕೊಂಡ್ಕೋತೀನಿ" ಎಂದು ವಾಪಸು ಕಳಿಸಿದ್ದಳು. ಅರ್ನೆಟಾ ಚಿಕ್ಕವಳಿದ್ದಾಗ ಪೇಟೆಯ ದೊಡ್ಡ ಅಂಗಡಿಯಲ್ಲಿ ಅವಳ ತಾಯಿ ಒಂದು ಕೈಚೀಲ ಮುಟ್ಟಿ ನೋಡಿದ್ದಕ್ಕೆ, ಮಾರುವ ಬಿಳಿಯ ಹೆಂಗಸು ಅದನ್ನು ಕಿತ್ತುಕೊಂಡು ಬಟ್ಟೆಯಿಂದ ಒರೆಸಿದ್ದಳು. ಅಂದಿನಿಂದ ಅರ್ನೆಟಾಳಿಗೆ ಒಂದೇ ಹಟ: ಕೊಂಡರೆ ತಲೆಯೆತ್ತಿ, ತನ್ನವರ ಅಂಗಡಿಯಲ್ಲಿ ಕೊಳ್ಳಬೇಕು.

ಮರುದಿನವೇ ಕೀಝಿಯಾ ಹೊಸದಾಗಿ ಹಾಕಿದ್ದ ಹೊಲಿಗೆ ಮಳಿಗೆಗೆ ಹೋದಳು. ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ನಾನೇನ್ ಮಾಡ್ಲಿ, ಮಿಸ್ ನೆಟಾ? ಅವರು ಕಂಪ್ಯೂಟರ್ ಕೈಲಿ ಕೊಳ್ಳಿಸ್ತಾರೆ. ಒಬ್ಬನ್ನ ತಡೆದ್ರೆ ಹತ್ತು ಹೆಸರಲ್ಲಿ ಬರ್ತಾನೆ."

"ಹಂಗಾದ್ರೆ ಕಂಪ್ಯೂಟರ್ ಮುಚ್ಚು. ಶನಿವಾರ ಬಾಗಿಲು ತೆಗಿ. ಬಂದೋರ ಮುಖ ನೋಡಿ ಕೊಡು."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅರ್ನೆಟಾ ತನ್ನ ಹೆಂಗಸರ ದಂಡು ಕಟ್ಟಿಕೊಂಡು ಹೋದಳು. ಸಾಲು ಆಗಲೇ ಬೀದಿ ತಿರುವಿನವರೆಗೆ ಬೆಳೆದಿತ್ತು. ಮುಂದೆ ನಿಂತವರೆಲ್ಲ ಮಡಿಸುವ ಕುರ್ಚಿ ತಂದಿದ್ದ ಅಪರಿಚಿತರು. ಬೂದುಬಣ್ಣದ ಟೋಪಿಯವನೊಬ್ಬ ಅವರಿಗೆಲ್ಲ ಕಾಫಿ ಹಂಚುತ್ತಿದ್ದ.

"ಯಾವ ಬಣ್ಣದ್ದು ತಗೋತೀಯಪ್ಪ?" ಅರ್ನೆಟಾ ಕುರ್ಚಿಯವನೊಬ್ಬನನ್ನು ಕೇಳಿದಳು.

"ಕೊಟ್ಟಿದ್ದು. ನಂಗೇನು? ನಿಲ್ಲೋದಕ್ಕೆ ಆ ಟೋಪಿಯೋನು ಕೂಲಿ ಕೊಡ್ತಾನೆ."

ವಿಲ್ಹೆಲ್ಮಿನಾ ಮುಖ ಸಣ್ಣದು ಮಾಡಿಕೊಂಡಳು. "ಮುಗೀತು. ನಡಿ ಮನೆಗೆ." ಅರ್ನೆಟಾ ನಡೆದದ್ದು ಮಳಿಗೆಯ ಹಿಂಬಾಗಿಲಿಗೆ. ಕೀಝಿಯಾ ತನ್ನ ಗುರುತು ಒತ್ತಲು ಹಿತ್ತಾಳೆ ಅಕ್ಷರಗಳನ್ನು ಕಾಯಿಸಿ ಚರ್ಮಕ್ಕೆ ಒತ್ತುವುದನ್ನು ಅವಳು ತನ್ನ ಪಾರ್ಲರಿನಲ್ಲೇ ಎಷ್ಟೋ ಸಲ ನೋಡಿದ್ದಳು.

"ಆ ಅಕ್ಷರ ಎಲ್ಲಾ ಇದ್ಯೇನೇ?"

"ಇದೆ. ಯಾಕೆ?"

"ಇವತ್ತು ಕೊಂಡೋರ ಹೆಸರು ಬ್ಯಾಗಿನ ಮುಚ್ಚಳದ ಮೇಲೆ ಒತ್ತೇ ಕೊಡು. ಪೂರ್ತಿ ಹೆಸರು, ದಪ್ಪಗೆ. ಒಬ್ರಿಗೆ ಒಂದೇ."

ಕೀಝಿಯಾ ಬಿದ್ದು ಬಿದ್ದು ನಕ್ಕಳು.

ಬಾಗಿಲು ತೆರೆದು ಅವಳೇ ಅದನ್ನು ಸಾರಿದಳು. ಟೋಪಿಯವನು ಧಾವಿಸಿ ಬಂದ. "ಹೆಸರು ಬೇಡ ಮೇಡಂ, ಹಾಗೇ ಕೊಡಿ."

"ಹಾಗೇ ಕೊಡೋದಿಲ್ಲ, ಸರ್. ನಿಮ್ಮ ಹೆಸರೇನು?"

"ಮಾರ್ವಿನ್ ಅಂತ ಬರೆದ ಬ್ಯಾಗು ಯಾರು ಕೊಳ್ತಾರೆ?" ಎಂದುಬಿಟ್ಟ ಅವನು, ಸಿಟ್ಟಿನಲ್ಲಿ.

"ನೀನೇ ಹಾಕ್ಕೋ ಮಗನೇ, ನಿನ್ನ ಟೋಪಿಗೆ ಒಪ್ಪುತ್ತೆ!" ಎಂದಳು ಅರ್ನೆಟಾ. ಬೀದಿಗೆ ಬೀದಿಯೇ ನಕ್ಕಿತು. ಒಂದೊಂದಾಗಿ ಕುರ್ಚಿಗಳು ಮಡಿಸಿಕೊಂಡವು. ಕೂಲಿಗೆ ನಿಂತವರಲ್ಲಿ ಒಬ್ಬ ಮಾತ್ರ ಕದಲಲಿಲ್ಲ. ಅವನು ಜೇಬು ತಡಕಿ ದುಡ್ಡು ತೆಗೆದು, ಕೆಂಪು ಬ್ಯಾಗಿನ ಮೇಲೆ ತನ್ನ ತಾಯಿಯ ಹೆಸರು ಒತ್ತಿಸಿಕೊಂಡು ಹೋದ. ಹೆಂಗಸರು ಅವನಿಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಬಂದವರೆಲ್ಲ ಬ್ಯಾಗು ತಾವೇ ಹಾಕಿಕೊಳ್ಳುವವರು: ದಾದಿಯರು, ಟೀಚರುಗಳು, ಬಸ್ಸಿನ ಡ್ರೈವರು, ದೂರದ ರಿಚ್ಮಂಡಿನಿಂದ ಬಂದ ಅಕ್ಕತಂಗಿಯರು. ಕಾದ ಚರ್ಮದ ವಾಸನೆ ಬೀದಿಗೆಲ್ಲ ಹಬ್ಬಿತು. ಅಕ್ಷರ ಒತ್ತಲು ಹೊತ್ತು ಹಿಡಿಯುತ್ತಿತ್ತು, ಯಾರೂ ಗೊಣಗಲಿಲ್ಲ. ವಿಲ್ಹೆಲ್ಮಿನಾ ತನ್ನ ಉದ್ದದ ಹೆಸರು ಒತ್ತುವುದನ್ನು ಬಗ್ಗಿ ನೋಡುತ್ತ, "ಒಂದಕ್ಷರಾನೂ ಬಿಡ್ಬೇಡ ಕಣೇ" ಎಂದು ತಾಕೀತು ಮಾಡಿದಳು.

ಅರ್ನೆಟಾ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ನಿಂತಳು. ಅವಳ ಸರದಿ ಬಂದಾಗ ಉಳಿದಿದ್ದದ್ದು ಒಂದು ಹಸಿರು ಬ್ಯಾಗು. ಕೀಝಿಯಾ ದುಡ್ಡು ಬೇಡವೆನ್ನಲು ಬಾಯಿ ತೆರೆದಳು. ಅರ್ನೆಟಾಳ ಕಣ್ಣು ನೋಡಿ ಮುಚ್ಚಿಕೊಂಡು, ದುಡ್ಡು ಎಣಿಸಿ ಪೆಟ್ಟಿಗೆಗೆ ಹಾಕಿದಳು.

"ಒತ್ತು," ಎಂದಳು ಅರ್ನೆಟಾ. ಹಿತ್ತಾಳೆ ಚರ್ಮಕ್ಕೆ ಇಳಿಯಿತು. ಬ್ಯಾಗನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಅಲ್ಲೇ ಒಂದು ಸುತ್ತು ತಿರುಗಿ ತೋರಿಸಿ, ರಸ್ತೆಯ ನಟ್ಟನಡುವೆ ರಾಣಿಯ ಹಾಗೆ ಹೊರಟಳು. ಹಿಂದಿನಿಂದ ಒಂದು ಕಾರು ಹಾರನ್ ಹೊಡೆಯಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ.