ಯಾರೂ ಒತ್ತದ ಬ್ರೇಕ್

ಗಾಳಿ, ಸೋಂಕು, ದೆವ್ವ ಎಂದು ಯಾರಾದರೂ ನನ್ನ ಮುಂದೆ ಬಾಯಿ ತೆರೆದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಹಿಂದಿನ ರಾತ್ರಿ ನಿದ್ದೆ ಮಾಡಿದ್ದಿರಾ ಎಂಬುದು. ಎರಡನೆಯದು, ಹೊಟ್ಟೆಗೆ ಏನಾದರೂ ತಿಂದಿದ್ದಿರಾ ಎಂಬುದು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಟನೆಗಾಗಿ ಓಡಾಡಿದವಳು ನಾನು. ಇಂಥ ಅನುಭವಗಳನ್ನು ಹೇಳಿಕೊಂಡವರನ್ನು ಬೈದವಳಲ್ಲ. ಆದರೆ ಅವರ ಮಾತನ್ನು ಒಂದು ಕ್ಷಣವೂ ನಂಬಿದವಳಲ್ಲ. ಆದ್ದರಿಂದ ಓದುಗರು ಅದೇ ಪ್ರಶ್ನೆಗಳನ್ನು ನನಗೆ ಕೇಳುವ ಮೊದಲೇ ಉತ್ತರಿಸಿಬಿಡುತ್ತೇನೆ. ಅಂದು ನಾನು ಚೆನ್ನಾಗಿ ನಿದ್ದೆ ಮಾಡಿ ಎದ್ದಿದ್ದೆ. ಹೊಟ್ಟೆ ತುಂಬ ಇಡ್ಲಿ ತಿಂದಿದ್ದೆ. ನಡೆದದ್ದು ಹಾಡಹಗಲಿನಲ್ಲಿ.

ಕೆಲವು ವರ್ಷಗಳ ಹಿಂದೆ ನಾನು ಕೊಳ್ಳೇಗಾಲದ ಒಂದು ಚಾಲನಾ ತರಬೇತಿ ಶಾಲೆಗೆ ಹೆವಿ ಲೈಸೆನ್ಸ್ ಪಡೆಯುವುದಕ್ಕಾಗಿ ಸೇರಿದೆ. ಲಾರಿ ಓಡಿಸಿ ಬದುಕುವ ಅಗತ್ಯ ನನಗಿರಲಿಲ್ಲ. ಅಗತ್ಯವಿದ್ದದ್ದು ಯಳಂದೂರಿನ ಬಳಿಯ ಅಗರದ ರಾಜಮ್ಮಣಿಗೆ. ಆಕೆ ಪಂಚಾಯಿತಿಯ ಸಣ್ಣ ಕಸದ ಗಾಡಿಯನ್ನು ಓಡಿಸುತ್ತಿದ್ದಳು. ಪಟ್ಟಣದ ಕಸ ಸಾಗಿಸುವ ದೊಡ್ಡ ಲಾರಿಗೆ ಚಾಲಕರು ಬೇಕಾಗಿದ್ದರು. ಹೆವಿ ಲೈಸೆನ್ಸ್ ತಂದರೆ ಆ ಕೆಲಸ ಆಕೆಗೆ ಸಿಗುವುದು ಬಹುತೇಕ ಖಚಿತವಾಗಿತ್ತು. ಗಂಡಸರೇ ತುಂಬಿದ ಶಾಲೆಗೆ ಒಬ್ಬಳೇ ಹೋಗಲು ಅಳುಕಿದಳು. ನಾನೂ ಜೊತೆಗೆ ಕಲಿಯುತ್ತೇನೆ ಎಂದೆ.

ತರಬೇತಿ ಕೊಡುತ್ತಿದ್ದವರು ರಾಮಾಪುರದ ಕಡೆಯ ಮುರುಗೇಶಣ್ಣ. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಬಾಯಲ್ಲಿ ಸದಾ ಎಲೆಅಡಿಕೆ. ತರಬೇತಿಯ ಲಾರಿಯಲ್ಲಿ ಎಡಗಡೆ ಕೂರುವ ಅವರ ಕಾಲಿನ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅವರ ಪೆಡಲಿಗೂ ಚಾಲಕರ ಪೆಡಲಿಗೂ ನಡುವೆ ಕಬ್ಬಿಣದ ರಾಡ್ ಇದೆ. ಅವರು ತಮ್ಮ ಬ್ರೇಕ್ ಒತ್ತಿದರೆ, ಕಲಿಯುವವರ ಕಡೆಯ ಬ್ರೇಕ್ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. ಇದಕ್ಕೆ ಡಬಲ್ ಕಂಟ್ರೋಲ್ ಎನ್ನುತ್ತಾರೆ.

ಆ ಶಾಲೆಯಲ್ಲಿ ನಾನು ಕಂಡ ಅನ್ಯಾಯಗಳು ಹಲವು. ಹೆಂಗಸರಿಗೆ ಶೌಚಾಲಯವಿರಲಿಲ್ಲ, ದಾರಿಯಲ್ಲೂ ಅನುಕೂಲವಿಲ್ಲದ ಕಾರಣ ನಾವಿಬ್ಬರೂ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಕೈ ಪಳಗಿದ ಗಂಡಸರು ಓಡಿಸುವಾಗ ಮುರುಗೇಶಣ್ಣ ಕಾಲು ಮಡಚಿ ಸೀಟಿನ ಮೇಲಿಟ್ಟು ಕೂರುತ್ತಿದ್ದರು. ನಾವು ಓಡಿಸುವಾಗ ಮಾತ್ರ ಅವರ ಕಾಲು ಬ್ರೇಕಿನ ಮೇಲಿಂದ ಕದಲುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮುಟ್ಟಾದ ದಿನಗಳಲ್ಲಿ ನಾವು ಸ್ಟೀರಿಂಗ್ ಮುಟ್ಟುವಂತಿರಲಿಲ್ಲ. ಮುಂಗಾಜಿನ ಕೆಳಗೆ ಮಲೆಯ ಮಾದಪ್ಪ ದೇವರ ಪಟವಿತ್ತು.

"ಇದು ನನ್ ರೂಲ್ಸ್ ಅಲ್ಲ ಮೇಡಂ, ಓನರ್‌ದೂ ಅಲ್ಲ. ಗಾಡೀದು" ಎಂದರು ಮುರುಗೇಶಣ್ಣ.

"ಗಾಡಿಯದಾದರೆ ಗಾಡಿಯೇ ಹೇಳಲಿ" ಎಂದೆ.

ನಾನು ಮಾಲೀಕರ ಬಳಿ ಹೋದೆ, ವಾದಿಸಿದೆ, ಬರೆದುಕೊಡಿ ಎಂದು ಕೇಳಿದೆ. ಬರೆದುಕೊಡಲು ಯಾರಿಗೂ ಧೈರ್ಯವಿರಲಿಲ್ಲ, ನಿಯಮ ಬಿದ್ದುಹೋಯಿತು. ಹನೂರು ದಾಟಿ ರಾಮಾಪುರದವರೆಗೆ ಹೋಗಿಬರುವ ದೂರದ ಅಭ್ಯಾಸ ಬಂದಾಗ ನಾನು ಮುಟ್ಟಾಗಿದ್ದೆ. ಅದನ್ನು ಮುಚ್ಚಿಡದೆ ಹೇಳಿಯೇ ಚಾಲಕರ ಸೀಟಿಗೆ ಹತ್ತಿದೆ. ರಾಜಮ್ಮಣಿ ಹಿಂದಿನ ಉದ್ದದ ಸೀಟಿನಲ್ಲಿ ಕುಳಿತಳು. ಹನೂರು ದಾಟಿದ ಮೇಲೆ ಮುರುಗೇಶಣ್ಣನ ಕಾಲಿನ ವಿಷಯವನ್ನೂ ಎತ್ತಿದೆ. ಗಂಡಸರಿಗೆ ತೋರುವ ನಂಬಿಕೆಯನ್ನು ನಮಗೂ ತೋರಬೇಕು ಎಂದೆ. ಅವರು ನಕ್ಕು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡರು.

"ತಕಳಿ, ಚಕ್ಕಂಬಕ್ಕಳ ಆಕಂಡೆ. ಅಂಗೇ ಒಂದ್ ಎಲೆ ಆಕ್ಬುಟ್ರೆ ಊಟಾನೂ ಮುಗುಸ್ಬುಡ್ತೀನಿ."

ರಾಜಮ್ಮಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನೂ ನಕ್ಕೆ. ಗೆದ್ದವಳ ನಗು ಅದು.

ರಸ್ತೆ ನೇರವಾಗಿತ್ತು. ಎರಡೂ ಕಡೆ ಕುಯ್ಲಾದ ಜೋಳದ ಹೊಲ, ದೂರದಲ್ಲಿ ಕಾಡಿನಂಚು. ಎದುರಿಗೆ ಬಸ್ಸಿಲ್ಲ, ಬೈಕಿಲ್ಲ, ಒಂದು ನಾಯಿಯೂ ಇಲ್ಲ. ನನ್ನ ಬಲಗಾಲು ಆಕ್ಸಿಲರೇಟರ್ ಮೇಲಿತ್ತು. ಆಗ ಅದರ ಪಕ್ಕದ ಬ್ರೇಕ್ ಪೆಡಲ್ ನಿಧಾನವಾಗಿ, ಒಂದೇ ಸಮನೆ, ಕೆಳಗಿಳಿಯಿತು. ಲಾರಿ ಮುಗ್ಗರಿಸಿದಂತಾಯಿತು. ನಾನು ಕ್ಲಚ್ ಒತ್ತಿರಲಿಲ್ಲವಾದ್ದರಿಂದ ಎಂಜಿನ್ ಜಗ್ಗಿ, ನಡುಗಿ, ಆಫ್ ಆಯಿತು.

ಮಾತು ಕೊಟ್ಟು ಮುರಿದರೆಂದು ನನಗೆ ಸಿಟ್ಟು ಬಂತು. ಏನು ಹೇಳಬೇಕೆಂಬುದೂ ನಾಲಿಗೆಯ ತುದಿಗೆ ಬಂದಿತ್ತು. ಎಡಕ್ಕೆ ತಿರುಗಿದೆ. ಮುರುಗೇಶಣ್ಣ ಕಿಟಕಿಯಾಚೆ ತಲೆ ಹಾಕಿ ಎಲೆಅಡಿಕೆ ಉಗುಳುತ್ತಿದ್ದರು. ಅವರ ಎರಡೂ ಪಾದ ಸೀಟಿನ ಮೇಲಿದ್ದವು. ಕೆಳಗೆ ಅವರ ಕಡೆಯ ಬ್ರೇಕ್ ಪೆಡಲ್ ತಳಕ್ಕೆ ಒತ್ತಿಕೊಂಡು ನಿಂತಿತ್ತು. ನಾನು ನೋಡುತ್ತಿದ್ದಂತೆಯೇ ಅದು, ಯಾರೋ ಕಾಲು ತೆಗೆದರೆ ಏಳುವಂತೆ, ಮೆಲ್ಲಗೆ ಮೇಲೆದ್ದಿತು.

ಆ ಕ್ಷಣ ನನ್ನ ಮನಸ್ಸಿಗೆ ಮೊದಲು ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಮುಟ್ಟಾಗಿದ್ದೇನೆ ಎಂಬುದೇ ಆ ಯೋಚನೆ. ವರ್ಷಗಟ್ಟಲೆ ಯಾವುದನ್ನು ಕಿತ್ತೊಗೆಯಲು ಮಾತಾಡಿದ್ದೆನೋ ಅದು ನನ್ನೊಳಗೇ ಬೆಚ್ಚಗೆ ಕುಳಿತಿತ್ತು.

"ಯಾಕ್ ಮೇಡಂ ನಿಲ್ಸುದ್ರಿ?" ಎಂದು ಮುರುಗೇಶಣ್ಣ ತಲೆ ಒಳಗೆ ತಂದರು.

ಪೆಡಲ್ ತಾನಾಗಿ ಇಳಿಯಿತು ಎಂದರೆ ಏನಾಗುತ್ತದೆಂದು ನನಗೆ ತಿಳಿದಿತ್ತು. ಗಾಡಿಯೇ ಹೇಳಿತಲ್ಲ ಎನ್ನುತ್ತಾರೆ. ಬಿದ್ದ ನಿಯಮ ಎದ್ದು ನಿಲ್ಲುತ್ತದೆ. ಅದು ನನ್ನೊಬ್ಬಳ ಮೇಲಲ್ಲ, ಇನ್ನು ಆ ಶಾಲೆಗೆ ಬರುವ ಪ್ರತಿ ಹೆಣ್ಣಿನ ಮೇಲೆ.

"ಮೇಕೆ ಅಡ್ಡ ಬಂತು" ಎಂದೆ.

"ಎಲ್ಲಿ?"

"ಓಡಿಹೋಯಿತು."

"ಅಯ್ಯೋ, ಇಡ್ಕಳದಲ್ವಾ? ಸಂಜ್ಗೆ ಸಾರಾಗ್ತಿತ್ತು" ಎಂದು ನಕ್ಕರು. ಆಮೇಲೆ, "ಕ್ಲಚ್ ಒತ್ತದೆ ಬ್ರೇಕ್ ಒತ್ತುದ್ರೆ ಟೆಸ್ಟಲ್ಲಿ ಆರ್‌ಟಿಓ ಬ್ರೇಕ್ ಇನ್ಸ್‌ಪೆಕ್ಟ್ರು ಸೀದಾ ಮನೆಗ್ ಕಳುಸ್ತಾರೆ, ಗ್ಯಾನ ಮಡೀಕಳಿ" ಎಂದರು. ಹಿಂದೆ ರಾಜಮ್ಮಣಿ ಕತ್ತು ಚಾಚಿ ರಸ್ತೆಯ ಎರಡೂ ಬದಿ ನೋಡುತ್ತಿದ್ದಳು.

ರಾಮಾಪುರದ ಬಸ್ ನಿಲ್ದಾಣದ ಬಳಿ ಮುರುಗೇಶಣ್ಣ ಟೀ ಕುಡಿದರು. ವಾಪಸು ಓಡಿಸುವ ಸರದಿ ರಾಜಮ್ಮಣಿಯದು. ಅವಳು ಲಾರಿಯ ಚಕ್ರಗಳನ್ನು ಒಂದು ಸುತ್ತು ನೋಡಿಕೊಂಡು, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು. ಇದು ದೆವ್ವವಲ್ಲ ಎಂದು ಅಷ್ಟರಲ್ಲಿ ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಾದರೆ ಅದು ಬ್ರೇಕಿನ ದೋಷ. ದೋಷವಿರುವ ಲಾರಿಗೆ ಅವಳನ್ನು ಹತ್ತಿಸಬಾರದು. ತರ್ಕ ಅಷ್ಟು ಸರಳವಾಗಿತ್ತು. ನಾನು ಬಾಯಿ ಬಿಡಲಿಲ್ಲ. ಅವಳ ಜೀವಕ್ಕಿಂತ ನನ್ನ ಗೆಲುವು ನನಗೆ ದೊಡ್ಡದಾಗಿತ್ತು ಎಂದು ಇಂದು ಬರೆಯಬಲ್ಲೆ. ಅಂದು ಅದನ್ನು ಹೋರಾಟದ ಹಿತ ಎಂದುಕೊಂಡಿದ್ದೆ.

ಅವಳು ನನಗಿಂತ ಚೆನ್ನಾಗಿ ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದೆ. ಹನೂರು ಇನ್ನೂ ಬಂದಿರಲಿಲ್ಲ. ಲಾರಿ ಮತ್ತೆ ಮುಗ್ಗರಿಸಿತು, ಎಂಜಿನ್ ನಡುಗಿ ಆಫ್ ಆಯಿತು. ರಸ್ತೆ ಖಾಲಿಯಾಗಿತ್ತು. ಕೊರಳು ಬಗ್ಗಿಸಿದ್ದರೆ ಎಡಗಡೆಯ ಪೆಡಲ್ ನನಗೆ ಕಾಣುತ್ತಿತ್ತು. ಬಗ್ಗಿಸಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

"ಏನವ್ವಾ ನಿಂದು?" ಎಂದರು ಮುರುಗೇಶಣ್ಣ.

ರಾಜಮ್ಮಣಿ ಖಾಲಿ ರಸ್ತೆಯನ್ನು ಈ ಬದಿಯಿಂದ ಆ ಬದಿಗೆ ಒಮ್ಮೆ ನೋಡಿದಳು. ಆಮೇಲೆ, "ಮೇಕೆ ಬಂತು ಸಾ" ಎಂದಳು.

"ಇವತ್ತೇನ್ ಈ ರೋಡಲ್ಲಿ ಮೇಕೆ ಸಂತೆನಾ? ನನ್ ಕಣ್ಗೊಂದೂ ಬೀಳ್ನಿಲ್ವಲ್ಲ!"

ಅವಳು ಗಾಡಿ ಸ್ಟಾರ್ಟ್ ಮಾಡಿದಳು. ನನ್ನ ಸುಳ್ಳನ್ನೇ ಅವಳೂ ಹೇಳಿದಳೆಂದು ನನಗೆ ಗೊತ್ತಿತ್ತು. ಯಾಕೆ ಎಂದು ಕೇಳಿದರೆ ನಾನೂ ನನ್ನದನ್ನು ಹೇಳಬೇಕಾಗುತ್ತಿತ್ತು.

ಮರುದಿನ ಬ್ರೇಕ್ ಸ್ವಲ್ಪ ಬಿಗಿ ಎನ್ನಿಸುತ್ತದೆ ಎಂಬ ನೆಪ ಮಾಡಿ ಮೆಕ್ಯಾನಿಕ್‌ಗೆ ತೋರಿಸಿದೆ. ರಾಡ್ ಸರಿಯಿತ್ತು, ಸ್ಪ್ರಿಂಗ್ ಸರಿಯಿತ್ತು, ಗಾಳಿಯ ಒತ್ತಡವೂ ಸರಿಯಿತ್ತು. ಏರ್ ಕಡಿಮೆಯಾದರೆ ಬ್ರೇಕ್ ತಾನಾಗಿ ಹಿಡಿದುಕೊಳ್ಳಬಹುದು, ಆದರೆ ಪೆಡಲ್ ಕೆಳಗಿಳಿಯುವುದಿಲ್ಲ ಎಂದು ಆತ ತಿಳಿಸಿದ. ಪೆಡಲ್ ತಾನಾಗಿ ಇಳಿದದ್ದನ್ನು ಎಂದಾದರೂ ಕಂಡಿದ್ದೀರಾ ಎಂದು ಮುರುಗೇಶಣ್ಣನನ್ನು ಕೇಳಿದೆ. ಅವರ ಮುಖದಲ್ಲಿ ನಗೆ ಇರಲಿಲ್ಲ. "ಅಂಗೇನಾರ ಆದ್ರೆ ಬಾಯ್ಬುಟ್ಟು ಏಳ್ಬೇಕು ಮೇಡಂ. ಜೀವದ್ ಪ್ರಶ್ನೆ ಅದು. ನಿಮ್ಗೇನಾರ ಆಗಿತ್ತಾ?" ಎಂದರು. ಇಲ್ಲ ಎಂದೆ. ಆ ಮನುಷ್ಯ ಮುಟ್ಟಿನ ಮಾತೆತ್ತಲೇ ಇಲ್ಲ.

ಟೆಸ್ಟಿನ ದಿನ ನಾನು ಪಾಸಾದೆ. ರಾಜಮ್ಮಣಿ ಬರಲಿಲ್ಲ. ಮುಂದಿನ ಟೆಸ್ಟಿಗೂ ಬರಲಿಲ್ಲ. ದೊಡ್ಡ ಲಾರಿಯ ಕೆಲಸ ಬೇರೊಬ್ಬರ ಪಾಲಾಯಿತು. ನಾನು ಅಗರಕ್ಕೆ ಹೋಗಿ, ಮನೆಯವರು ಬಿಡಲಿಲ್ಲವೇ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಊಂ ಎಂದಳು. ಅಷ್ಟು ಸಾಕಾಯಿತು ನನಗೆ. ಅದೇ ಊರಿನಲ್ಲಿ ನಡೆದ ಸಭೆಯಲ್ಲಿ, ಹೆಂಡತಿಯ ಕೈಯಿಂದ ಸ್ಟೀರಿಂಗ್ ಕಿತ್ತುಕೊಳ್ಳುವ ಗಂಡಂದಿರ ಬಗ್ಗೆ ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವಂತೆ ಮಾತಾಡಿದೆ. ಅವಳ ಗಂಡ ಶಿವಣ್ಣ ಹಿಂದೆ ನಿಂತು ಕೇಳುತ್ತಿದ್ದ. ಅಂದಿನಿಂದ ಆತ ನನ್ನೊಡನೆ ಮಾತು ಬಿಟ್ಟ. ಅದನ್ನೂ ನಾನು ನನ್ನ ಮಾತಿಗೆ ಸಾಕ್ಷಿ ಎಂದುಕೊಂಡೆ.

ಇತ್ತೀಚೆಗೆ ಯಳಂದೂರಿನಲ್ಲಿ ರಾಜಮ್ಮಣಿ ಸಿಕ್ಕಳು. ಅದೇ ಸಣ್ಣ ಕಸದ ಗಾಡಿಯನ್ನು ಮರದ ನೆರಳಿನಲ್ಲಿ ನಿಲ್ಲಿಸಿಕೊಂಡು ಕುಳಿತಿದ್ದಳು. ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಅಂದು ಕೇಳಿದೆ. ರಾಮಾಪುರದ ದಾರಿಯಲ್ಲಿ ನಿನಗೆ ನಿಜವಾಗಿಯೂ ಮೇಕೆ ಕಂಡಿತ್ತೇ?

"ಇಲ್ಲ ಕಣಕ್ಕ" ಎಂದಳು. "ನಿಮ್ಗ್ ಅಡ್ಡ ಬಂದಿದ್ ಮೇಕೆನೂ ನಂಗ್ ಕಾಣ್ನಿಲ್ಲ, ನಂಗ್ ಅಡ್ಡ ಬಂದಿದ್ದೂ ಕಾಣ್ನಿಲ್ಲ. ನನ್ ಕಾಲ್ ಪಕ್ದಲ್ಲೇ ಪೆಡಲು ಇಳ್ದೋಯ್ತು. ಓ, ಏನೋ ಅಡ್ಡ ಬಂದದೆ, ಸಾರ್ ಒತ್ತವ್ರೆ ಅನ್ಕಂಡೆ. ನೋಡುದ್ರೆ ರೋಡಲ್ ಏನೂ ಇಲ್ಲ. ಅಕ್ಕಂಗೆ ಕಾಣೋದು ನಂಗ್ಯಾಕ್ ಕಾಣಲ್ಲ ಅಂತ ದಿಗ್ಲಾಯ್ತು. ಏನಾರ ಏಳ್ಬೇಕಲ್ಲ, ಮೇಕೆ ಅಂದ್ಬುಟ್ಟೆ. ಸಾರು ತಮ್ ಕಣ್ಗೊಂದೂ ಬೀಳ್ನಿಲ್ಲ ಅಂದಿದ್ದು ಬರೀ ತಮಾಸೆ ಅನ್ಕಂಡೆ."

"ಅದಕ್ಕೇ ಟೆಸ್ಟಿಗೆ ಬರಲಿಲ್ಲವೇ?"

"ಮೇಕೆ ಕಾಣ್ದೋಳ್ಗೆ ಮಗು ಅಡ್ಡ ಬಂದ್ರೆ ಕಂಡದಾ? ಕಣ್ಣಿನ್ ಕ್ಯಾಂಪ್ಗೂ ಓಗಿದ್ದೆ. ಅವ್ರು ಕಣ್ಣು ಸರ್ಯಾಗದೆ ಅಂದ್ರು. ಗ್ವಾಡೆ ಮ್ಯಾಲಿನ್ ಅಕ್ಸರ ಕಂಡ್ರೇನ್ ಬಂತು! ಈ ಗಾಡೀಲಿ ಮೆಲ್ಲಗ್ ಓಯ್ತೀನಿ, ಆರ್ನ್ ಒಡ್ಕಂಡೇ ಓಯ್ತೀನಿ. ದೊಡ್ ಲಾರಿ ತಕಂಡು ಯಾರ್ ಮ್ಯಾಲಾದ್ರೂ ಅತ್ತುಸ್ಬುಟ್ರೆ?"

"ಶಿವಣ್ಣ?"

"ಅವ್ರಾ? ನಂಗಿಂತ ಅವ್ರೇ ಆಸೆ ಮಡಿಕಂಡಿದ್ರು. ನಾನೇ ಬ್ಯಾಡ ಅಂದೆ. ನಿಮ್ಗ್ ಏಳಕ್ಕೆ ನಾಚ್ಕೆ ಆಯ್ತು, ನೀವ್ ಕೇಳ್ದಂಗೇ ಊಂ ಅಂದೆ."

ಪೆಡಲನ್ನು ಒತ್ತಿದ್ದು ಏನು ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಅಂದು ಅದು ಇಬ್ಬರ ಕಾಲಿನ ಬಳಿಯೂ ಇಳಿದಿತ್ತು ಎಂದು ತಿಳಿದ ಮೇಲೆ, ಕಣ್ಣಿನ ಭ್ರಮೆ ಎಂಬ ಕೊನೆಯ ವಿವರಣೆಯೂ ನನ್ನ ಕೈತಪ್ಪಿತು. ಓದುಗರಲ್ಲಿ ಲಾರಿಯನ್ನು ಬಲ್ಲವರು ಯಾರಾದರೂ ಕಾರಣ ತಿಳಿಸಿದರೆ ಕೇಳುತ್ತೇನೆ. ಆದರೆ ಆ ಮರದ ನೆರಳಿನಲ್ಲಿ ನಿಂತಾಗ ನನ್ನ ಮುಂದಿದ್ದದ್ದು ಆ ಪ್ರಶ್ನೆಯಲ್ಲ.

ಮೇಕೆ ಇರಲಿಲ್ಲ ರಾಜಮ್ಮಣಿ, ನಾನು ಸುಳ್ಳು ಹೇಳಿದ್ದೆ ಎಂದೆ. ನನ್ನ ಕಡೆಯ ಪೆಡಲೂ ಹಾಗೆಯೇ ಇಳಿದಿತ್ತು ಎಂದೆ. ಹಾಗಾದರೆ ಒತ್ತಿದ್ದು ಯಾರು ಎಂದು ಕೇಳುತ್ತಾಳೆಂದು ಕಾದೆ. ಗೊತ್ತಿಲ್ಲ ಎಂಬ ಮಾತನ್ನು ಹೇಗೆ ಹೇಳಬೇಕೆಂದು ಸಿದ್ಧಳಾಗಿಯೂ ಇದ್ದೆ.

ಅವಳು ಅದನ್ನು ಕೇಳಲಿಲ್ಲ. ಎದುರಿನ ರಸ್ತೆಯ ತುದಿಯವರೆಗೂ ಕಣ್ಣು ಹಾಯಿಸಿ, ನನ್ನ ಕಡೆ ತಿರುಗಿದಳು.

"ಅಂಗಾರೆ ನನ್ ಕಣ್ಣು ಸರ್ಯಾಗೇ ಇದ್ವಾ ಅಕ್ಕ?"