ಮಾವನವರು ಕೊಟ್ಟ ಬೌಂಡರಿ

ನಮ್ಮ ಪಕ್ಕದ ಮನೆಯ ಹುಡುಗ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸಂಬಳಕ್ಕೆ ಆಡಿದ್ದು ಒಟ್ಟು ಮೂರೇ ಮ್ಯಾಚು. ಎರಡು ಸಾವಿರದ ಐದಾರರ ಸುಮಾರಿನ ಮಾತು. ನಾವು ಪರದೇಶಕ್ಕೆ ಬಂದು ನೆಲೆಸಿದ ಮೌಂಟ್ ರಾಸ್ಕಿಲ್ ಬಡಾವಣೆಯ ಪಾರ್ಕಿನಲ್ಲಿ ರಗ್ಬಿ ಚೆಂಡು ಒದೆಯುತ್ತ ಬೆಳೆದವನು, ನನ್ನನ್ನು ಬಾಯಿ ತುಂಬ ಆಂಟಿ ಎನ್ನುತ್ತಿದ್ದವನು. ಅಮೆರಿಕದ ಒಂದು ತಂಡದ ಕಿಕ್ಕರ್ ಕಾಲು ಮುರಿದುಕೊಂಡಾಗ ಇವನಿಗೆ ಕರೆ ಬಂತು. ಉಳಿದವರು ಗುದ್ದಾಡುವಾಗ ಹೊರಗೆ ಕೂತಿರಬೇಕು, ಕರೆದಾಗ ಹೋಗಿ ಎರಡು ಕಂಬಗಳ ನಡುವೆ ಚೆಂಡು ಒದ್ದು ಬರಬೇಕು. ಇದಕ್ಕೂ ಸಂಬಳವೇ ಎಂದು ನಾನು ನಕ್ಕಿದ್ದೆ.

ಮೂರನೆಯ ಮ್ಯಾಚಿನ ದಿನ ಅವನಮ್ಮ ನಮ್ಮ ಮನೆಗೆ ಬಂದರು. ಸ್ಪೋರ್ಟ್ಸ್ ಚಾನೆಲ್ ಇದ್ದದ್ದು ನಮ್ಮಲ್ಲಿ, ಅದೂ ನನ್ನ ಮಾವನವರ ಕ್ರಿಕೆಟ್ ಹುಚ್ಚಿಗಾಗಿ. ಆಕೆ ನಿವೃತ್ತ ಟೀಚರ್ ಎಂದು ಧಾರವಾಡದ ಮಾವ ಆಕೆಯನ್ನು "ಅಕ್ಕೋರ" ಎಂದೇ ಕರೆಯುತ್ತಿದ್ದರು. ಹಿಂದಿನ ಮ್ಯಾಚಿನಲ್ಲಿ ಮಗ ಎರಡು ಸಲ ಗುರಿ ತಪ್ಪಿದ್ದ. ಇವತ್ತೂ ತಪ್ಪಿದರೆ ಕೆಲಸ ಹೋಯಿತು ಎಂದು ಫೋನಿನಲ್ಲಿ ಹೇಳಿದ್ದನಂತೆ. ನೋಡುವ ಧೈರ್ಯವಿಲ್ಲದೆ ಆಕೆ ಅಡುಗೆಮನೆಯಲ್ಲೇ ಕೂತರು. ನಾನು ಕೊಟ್ಟ ಚಹಾ ಮುಟ್ಟಲೂ ಇಲ್ಲ.

ಕೊನೆಯ ಗಳಿಗೆಯಲ್ಲಿ ಅವನನ್ನು ಕರೆದರು. ಟಿವಿಯಲ್ಲಿ ಅವನ ಮುಖ ಕಂಡಿತು. ಒದ್ದ. ಚೆಂಡು ಎತ್ತ ಹೋಯಿತೋ ತಿಳಿಯಲಿಲ್ಲ. ಕಂಬಗಳ ಕೆಳಗಿದ್ದ ಪಟ್ಟೆ ಅಂಗಿಯ ಇಬ್ಬರು ಅಂಪೈರುಗಳು ಸೊಂಟದ ಮಟ್ಟದಲ್ಲಿ ಕೈಗಳನ್ನು ಅತ್ತಿಂದಿತ್ತ ಬೀಸಿದರು.

"ಫೋರ್! ಫೋರ್ ಕೊಟ್ಟಾರ ನೋಡ್ರಿ! ಅಕ್ಕೋರ, ನಿಮ್ಮ ಹುಡುಗ ಬೌಂಡರಿ ಹೊಡದಾನ!" ಎಂದು ಮಾವ ಕುರ್ಚಿಯಿಂದೆದ್ದು ಕೂಗಿದರು. ಅವರ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿರಲಿಲ್ಲ.

ಕ್ರಿಕೆಟ್ಟಿನಲ್ಲಾದರೆ ಹಾಗೆ ಒಂದು ಕೈ ಬೀಸಿದರೆ ಬೌಂಡರಿ. ಈ ಆಟದಲ್ಲಿ ಎರಡೂ ಕೈ ಮೇಲೆತ್ತಿದರೆ ಗೆದ್ದಂತೆ, ಹಾಗೆ ಬೀಸಿದರೆ ಗುರಿ ತಪ್ಪಿದಂತೆ. ನಮ್ಮ ಬೇಲಿಯ ಪಕ್ಕ ನಿಂತು ಇದನ್ನು ನನಗೆ ಹೇಳಿಕೊಟ್ಟವನು ಅವನೇ.

ಆಕೆಗೆ ಕನ್ನಡ ಬಾರದಿದ್ದರೂ ಬೌಂಡರಿ ಅಂದರೆ ಗೊತ್ತಿತ್ತು. ನಾನು ಅಡುಗೆಮನೆಗೆ ಓಡುವಷ್ಟರಲ್ಲಿ ಮೊಬೈಲ್ ಕಿವಿಗಿಟ್ಟಾಗಿತ್ತು. ಮಗ ಇನ್ನೂ ಮೈದಾನದಲ್ಲಿದ್ದ, ಆಕೆಯ ಮಾತು ಮೆಸೇಜಾಗಿ ರೆಕಾರ್ಡ್ ಆಗುತ್ತಿತ್ತು. "ನನಗೆ ಗೊತ್ತಿತ್ತು ಮಗನೇ, ನೀನು ಗೆಲ್ಲಿಸ್ತೀಯ ಅಂತ ನನಗೆ ಗೊತ್ತಿತ್ತು!" ಎಂದು ಇಂಗ್ಲಿಷಿನಲ್ಲಿ ಒಂದೇ ಸಮನೆ ಹೇಳುತ್ತಿದ್ದರು. ಬೇಡ ಎನ್ನಲು ನಾನು ಆಕೆಯ ಕೈ ಹಿಡಿದೆ. ಬಾಯಿ ತೆರೆದರೆ ಅಳು ಬಂದುಬಿಟ್ಟಿತು. ಆಕೆ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ, ಫೋನನ್ನು ನನ್ನ ಮುಖದ ಹತ್ತಿರ ತಂದರು.

"ಕೇಳಿಸ್ತಾ? ನಿನ್ನ ಆಂಟಿ ಖುಷಿಗೆ ಅಳ್ತಿದ್ದಾಳೆ."